ಮೂರು ಕಾಪಿ ಇರುವ ವಾಲ್ಯೂಮ್ ನಿಧಾನವಾದರೆ ನಾನು ನೋಡುವ ಕ್ರಮ

ಗ್ಲಸ್ಟರ್ ಅಂದರೆ ಹಲವು ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಫೋಲ್ಡರ್ ಹಾಗೆ ತೋರಿಸುವ ಸ್ಟೋರೇಜ್ ಸಾಫ್ಟ್‌ವೇರ್, ಆ ಫೋಲ್ಡರೇ ವಾಲ್ಯೂಮ್; ಇಲ್ಲಿ ಪ್ರತಿ ಫೈಲ್‌ಗೂ ಮೂರು ಸರ್ವರ್‌ನಲ್ಲಿ ಒಂದೊಂದು ಕಾಪಿ. ಇಂಥ ವಾಲ್ಯೂಮ್ ನಿಧಾನ ಆಗಿದೆ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ: ನಿಧಾನ ಆಗಿರುವುದು ಏನು? ದೊಡ್ಡ ಫೈಲ್ ಬರೆಯುವುದಾ, ಓದುವುದಾ, ಇಲ್ಲ ಸಾವಿರಾರು ಸಣ್ಣ ಫೈಲ್ ಇರುವ ಫೋಲ್ಡರ್ ತೆರೆಯುವುದಾ? ಇದು ಗೊತ್ತಾಗದೆ ಸೆಟ್ಟಿಂಗ್ ಮುಟ್ಟಬೇಡಿ. ಎಲ್ಲಿಂದಲೋ ಎತ್ತಿಕೊಂಡ ಹತ್ತು ಆಪ್ಷನ್ ಹಾಕಿಕೊಂಡು ಬರುವವರೇ ಜಾಸ್ತಿ. ಆಮೇಲೆ ಯಾವುದರಿಂದ ಏನಾಯ್ತು ಅಂತ ಹುಡುಕುವುದೇ ಇನ್ನೊಂದು ಕೆಲಸ.

ಬರೆಯುವುದು ನಿಧಾನ ಅಂದರೆ ಮೊದಲು ಲೆಕ್ಕ ಹಾಕಿ. ಗ್ಲಸ್ಟರ್‌ನ ಸ್ವಂತ ಫ್ಯೂಸ್ ಮೌಂಟ್‌ನಲ್ಲಿ (ವಾಲ್ಯೂಮನ್ನು ಫೋಲ್ಡರ್ ಹಾಗೆ ಜೋಡಿಸುವ ದಾರಿ) ಮೂರೂ ಕಾಪಿಯನ್ನು ಕ್ಲೈಂಟೇ, ಅಂದರೆ ವಾಲ್ಯೂಮ್ ಬಳಸುವ ಯಂತ್ರವೇ ಕಳಿಸುತ್ತದೆ. 1 ಗಿಗಾಬಿಟ್ ಲಿಂಕ್‌ನಲ್ಲಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 115 ಎಂಬಿ. ಅದನ್ನು ಮೂರು ಪಾಲು ಮಾಡಿದರೆ 38ರ ಆಸುಪಾಸು. ನಿಮಗೆ 36 ಬರುತ್ತಿದ್ದರೆ ಏನೂ ಕೆಟ್ಟಿಲ್ಲ, ಲಿಂಕೇ ಅಷ್ಟು. ಡಿಡಿಯಲ್ಲಿ (ಫೈಲ್ ಬರೆದು ವೇಗ ತೋರಿಸುವ ಕಮಾಂಡ್) ಅಳೆಯುವಾಗ ಕೊನೆಗೆ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಇಳಿಸುವುದು) ಆಗುವ ಹಾಗೆ ಆಪ್ಷನ್ ಕೊಡಿ, ಇಲ್ಲದಿದ್ದರೆ ಅದು ತೋರಿಸುವುದು ಮೆಮೊರಿಯ ವೇಗ.

ಲೆಕ್ಕಕ್ಕಿಂತ ತುಂಬಾ ಕಡಿಮೆ ಬಂದರೆ, ಮೂರು ಸರ್ವರ್‌ನಲ್ಲಿ ಒಂದು ಹಿಂದೆ ಬಿದ್ದಿದೆಯಾ ನೋಡಿ. ಬರಹ ಮುಗಿಯಲು ಮೂರರ ಉತ್ತರವೂ ಬೇಕು, ಹಾಗಾಗಿ ಎಲ್ಲರಿಗಿಂತ ನಿಧಾನ ಇರುವ ಸರ್ವರ್‌ನ ವೇಗವೇ ವಾಲ್ಯೂಮ್‌ನ ವೇಗ. ಕ್ಲೈಂಟ್‌ನಿಂದ ಒಂದೊಂದು ಸರ್ವರ್‌ಗೂ ಬೇರೆ ಬೇರೆಯಾಗಿ, ಎರಡೂ ದಿಕ್ಕಿನಲ್ಲಿ ಐಪರ್ಫ್ (ನೆಟ್‌ವರ್ಕ್ ವೇಗ ಅಳೆಯುವ ಟೂಲ್) ಓಡಿಸಿ. ಒಂದು ಕಡೆ ನಾನು ನೋಡಿದ್ದು ಸುಮ್ನೆ ಒಂದು ಕೇಬಲ್: ಒಂದು ಸರ್ವರ್‌ನ ಪೋರ್ಟ್ 100 ಮೆಗಾಬಿಟ್‌ಗೆ ಇಳಿದಿತ್ತು, ಇಡೀ ವಾಲ್ಯೂಮ್ 11 ಎಂಬಿಯಲ್ಲಿ ತೆವಳುತ್ತಿತ್ತು. ಈಥ್‌ಟೂಲ್ (ಪೋರ್ಟ್‌ನ ವೇಗ ತೋರಿಸುವ ಕಮಾಂಡ್) ಹಾಕಿದರೆ ಒಂದೇ ಸಾಲಿನಲ್ಲಿ ಕಾಣುತ್ತದೆ. ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ನೆಟ್‌ವರ್ಕ್ ಪ್ಯಾಕೆಟ್) ಬಳಸುತ್ತಿದ್ದರೆ ಸ್ವಿಚ್ ಸೇರಿ ಎಲ್ಲ ಕಡೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಇದೆಯಾ ಅಂತಲೂ ನೋಡಿ.

ನೆಟ್‌ವರ್ಕ್ ಸರಿ ಇದ್ದರೆ ಡಿಸ್ಕ್. ಮೂರೂ ಸರ್ವರ್‌ನಲ್ಲಿ ಒಂದೇ ಹೊತ್ತಿಗೆ ಐಒಸ್ಟ್ಯಾಟ್ (ಡಿಸ್ಕ್‌ನ ಕೆಲಸ ಅಳೆಯುವ ಟೂಲ್) ತೆರೆದು ಕಾಯುವ ಸಮಯವನ್ನು ಹೋಲಿಸಿ. ಎರಡರಲ್ಲಿ 4 ಮಿಲಿಸೆಕೆಂಡ್, ಮೂರನೆಯದರಲ್ಲಿ 60 ಅಂದರೆ ಕಳ್ಳ ಸಿಕ್ಕ ಹಾಗೆ. ಸಾಯುತ್ತಿರುವ ಡಿಸ್ಕ್ ಇರಬಹುದು, ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ವರದಿ) ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲು ಬಾರದ ಜಾಗ) ನೋಡಿ. ರೇಡ್ ಕಾರ್ಡ್‌ನ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಕಾರ್ಡ್) ಬ್ಯಾಟರಿಯನ್ನು ಮಾತ್ರ ಯಾರೂ ನೆನಪಿಸಿಕೊಳ್ಳುವುದಿಲ್ಲ. ಅದು ಸತ್ತರೆ ಎಷ್ಟೋ ಕಾರ್ಡ್‌ಗಳು ರೈಟ್ ಕ್ಯಾಶ್ (ಬರಹವನ್ನು ಮೊದಲು ಕಾರ್ಡ್‌ನ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು) ನಿಲ್ಲಿಸಿಬಿಡುತ್ತವೆ. ಡಿಸ್ಕ್ ಚೆನ್ನಾಗೇ ಇರುತ್ತದೆ, ಬರಹ ಮಾತ್ರ ನಿಧಾನ.

ಇತ್ತೀಚೆಗೆ ಯಾವುದಾದರೂ ಸರ್ವರ್ ಬಿದ್ದು ಎದ್ದಿತ್ತಾ? ಹಾಗಿದ್ದರೆ ಹೀಲ್ ಇನ್ಫೋ ಸಮ್ಮರಿ (ಕಾಪಿಗಳನ್ನು ಸಮ ಮಾಡಲು ಬಾಕಿ ಇರುವುದರ ಲೆಕ್ಕ) ತೆಗೆಯಿರಿ. ಬಾಕಿ ಸಂಖ್ಯೆ ಇಳಿಯುತ್ತಿದ್ದರೆ ಕಾಯಿರಿ, ಹಿನ್ನೆಲೆಯಲ್ಲಿ ರಿಪೇರಿ ನಡೆಯುತ್ತಿದೆ. ಅವಸರಕ್ಕೆ ಫುಲ್ ಹೀಲ್ ಕೊಡಬೇಡಿ, ಅದು ವಾಲ್ಯೂಮ್ ಪೂರ್ತಿ ಜಾಲಾಡಿ ಇದ್ದ ಭಾರವನ್ನು ಇನ್ನೂ ಹೆಚ್ಚಿಸುತ್ತದೆ. ಸಂಖ್ಯೆ ಅಲ್ಲಾಡದಿದ್ದರೆ ಸ್ಪ್ಲಿಟ್ ಬ್ರೈನ್ (ಯಾವ ಕಾಪಿ ಸರಿ ಅಂತ ಗ್ಲಸ್ಟರ್‌ಗೇ ತೀರ್ಮಾನಿಸಲು ಆಗದ ಸ್ಥಿತಿ) ಇದೆಯಾ ನೋಡಿ.

ಎಲ್ಲ ಚೆನ್ನಾಗಿ ಓಡುತ್ತಾ ಇದ್ದು, ಇದ್ದಕ್ಕಿದ್ದಂತೆ ಮುಕ್ಕಾಲು ನಿಮಿಷದಷ್ಟು ಗಟ್ಟಿಯಾಗಿ ನಿಂತು ಮತ್ತೆ ಹೊರಡುತ್ತದೆಯಾ? ಅದು ಪಿಂಗ್ ಟೈಮ್‌ಔಟ್, ಅಂದರೆ ಸರ್ವರ್‌ನ ಉತ್ತರಕ್ಕೆ ಕ್ಲೈಂಟ್ ಕಾಯುವ ಮಿತಿ, ಡೀಫಾಲ್ಟ್ 42 ಸೆಕೆಂಡ್. ಒಂದು ಸರ್ವರ್ ಉತ್ತರ ಕೊಡುತ್ತಿಲ್ಲ ಅಂತ ಅರ್ಥ. ಇದನ್ನು 5ಕ್ಕೆ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಬೇಡ. ಸಂಪರ್ಕ ಕಡಿದು ಮತ್ತೆ ಕಟ್ಟುವಾಗ ಲಾಕ್‌ಗಳನ್ನೂ ತೆರೆದ ಫೈಲ್‌ಗಳನ್ನೂ ಹೊಸದಾಗಿ ಹಿಡಿಯಬೇಕು, ಅದು ದುಬಾರಿ.

ಸಣ್ಣ ಫೈಲ್‌ಗಳದ್ದು ಬೇರೆ ಕಥೆ. ಇಲ್ಲಿ ಪ್ರತಿ ಫೈಲ್‌ಗೂ ಲುಕಪ್ (ಫೈಲ್ ಇದೆಯಾ, ಹೇಗಿದೆ ಅಂತ ಕೇಳುವುದು) ಎಲ್ಲ ಕಾಪಿಗೂ ಹೋಗಿ ಬರಬೇಕು. ವಾಲ್ಯೂಮ್ ಪ್ರೊಫೈಲ್ (ಯಾವ ಕೆಲಸಕ್ಕೆ ಎಷ್ಟು ಸಮಯ ಹೋಯ್ತು ಅಂತ ಅಳೆಯುವ ಕಮಾಂಡ್) ಸ್ಟಾರ್ಟ್ ಮಾಡಿ, ಮಾಮೂಲಿ ಕೆಲಸ ಹತ್ತು ನಿಮಿಷ ನಡೆಯಲಿ, ಆಮೇಲೆ ಇನ್ಫೋ ನೋಡಿ. ಸಮಯದ ದೊಡ್ಡ ಪಾಲು ಲುಕಪ್‌ನಲ್ಲೇ ಹೋಗುತ್ತಿದ್ದರೆ ಕ್ಯಾಶ್ ಇನ್‌ವ್ಯಾಲಿಡೇಷನ್ (ಫೈಲ್ ಬದಲಾದಾಗ ಕ್ಲೈಂಟ್‌ಗೆ ಸರ್ವರ್ ತಿಳಿಸುವುದು) ಆನ್ ಮಾಡಿ, ಎಂಡಿ ಕ್ಯಾಶ್ ಟೈಮ್‌ಔಟ್ (ಫೈಲ್‌ನ ವಿವರವನ್ನು ಕ್ಲೈಂಟ್ ನೆನಪಿಟ್ಟುಕೊಳ್ಳುವ ಸಮಯ) 600 ಸೆಕೆಂಡಿಗೆ ಏರಿಸಿ. ಇನ್‌ವ್ಯಾಲಿಡೇಷನ್ ಇಲ್ಲದೆ ಟೈಮ್‌ಔಟ್ ಮಾತ್ರ ಏರಿಸಿದರೆ ಕ್ಲೈಂಟ್‌ಗೆ ಹಳೆಯ ಮಾಹಿತಿ ಕಾಣುತ್ತದೆ. ಅದೇ ಪ್ರೊಫೈಲ್ ವರದಿಯಲ್ಲಿ ಒಂದೊಂದು ಬ್ರಿಕ್‌ಗೂ (ಸರ್ವರ್‌ನಲ್ಲಿ ವಾಲ್ಯೂಮ್‌ಗೆ ಕೊಟ್ಟ ಡಿಸ್ಕ್ ಜಾಗ) ಸರಾಸರಿ ಸಮಯ ಬೇರೆಯಾಗಿ ಇರುತ್ತದೆ, ಐಒಸ್ಟ್ಯಾಟ್‌ನಲ್ಲಿ ಬಂದ ಅನುಮಾನವನ್ನು ಅಲ್ಲಿ ತಾಳೆ ನೋಡಬಹುದು. ಮುಗಿದ ಮೇಲೆ ಪ್ರೊಫೈಲ್ ಸ್ಟಾಪ್ ಮಾಡಿ, ಅದನ್ನು ಓಡಲು ಬಿಟ್ಟರೂ ಸ್ವಲ್ಪ ಭಾರವೇ.