ಗುಡಿಸುವ ವಾರದ ಹಲಗೆ

ಸ್ಟುಟ್‌ಗಾರ್ಟಿನ ಬಾಡಿಗೆ ಮನೆಗೆ ಬಂದ ಎರಡನೇ ವಾರ. ನಮ್ಮ ಬಾಗಿಲ ಹಿಡಿಕೆಗೆ ಅಂಗೈಯಗಲದ ಮರದ ಹಲಗೆಯೊಂದು ನೇತಾಡುತ್ತಿತ್ತು. ಅದರ ಮೇಲೆ ಒಂದೇ ಪದ: ಕೇರ್‌ವೊಖೆ. ಯಾರೋ ಗೊತ್ತಾಗದೆ ನಮ್ಮ ಬಾಗಿಲಿಗೆ ಹಾಕಿದ್ದಾರೆ ಅಂದುಕೊಂಡು ಬಿಚ್ಚಿ ಕಿಟಕಿ ಕಟ್ಟೆ ಮೇಲಿಟ್ಟೆ. ಸಂಜೆ ಹೊತ್ತಿಗೆ ಅದು ಮತ್ತೆ ನಮ್ಮ ಬಾಗಿಲಲ್ಲೇ ಇತ್ತು. ಶನಿವಾರ ಎದುರು ಮನೆಯ ಅಜ್ಜಿ ಬೆಲ್ ಮಾಡಿ ನನ್ನನ್ನು ಹೊರಗೆ ಕರೆದರು. ಹಲಗೆ ತೋರಿಸಿದರು, ಮೆಟ್ಟಿಲು ತೋರಿಸಿದರು, ತಮ್ಮ ಕೈಯಲ್ಲಿದ್ದ ಕಸಬರಿಗೆಯನ್ನು ನನ್ನ ಕೈಗಿಟ್ಟರು.

ಕೇರ್‌ವೊಖೆ ಅಂದರೆ ಗುಡಿಸುವ ವಾರ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಆ ಮಹಡಿಯ ಮೆಟ್ಟಿಲು, ಮೆಟ್ಟಿಲ ಪಕ್ಕದ ಹಿಡಿಗಂಬಿ, ಕಿಟಕಿ ಕಟ್ಟೆ ಅವರ ಪಾಲು. ಇನ್ನೊಂದು ದೊಡ್ಡ ಸರದಿಯೂ ಇದೆ. ಅದರಲ್ಲಿ ನೆಲಮಾಳಿಗೆ, ಅಂಗಳ, ಮನೆ ಮುಂದಿನ ಕಾಲುದಾರಿ ಬರುತ್ತವೆ. ಹಿಮ ಬಿದ್ದರೆ ವಾರದ ದಿನ ಬೆಳಗ್ಗೆ 7ಕ್ಕೆ ಮುಂಚೆ ದಾರಿ ಬಿಡಿಸಿರಬೇಕು. ಜರ್ಮನಿಯ ಈ ಶ್ವಾಬಿಯನ್ ಸೀಮೆಯ ಪದ್ಧತಿ ಇದು. 1492ರ ಸ್ಟುಟ್‌ಗಾರ್ಟ್ ನಗರದ ಕಟ್ಟಳೆಯವರೆಗೂ ಇದರ ಬೇರು ಹೋಗುತ್ತದೆ ಅಂತ ಭಾಷಾ ತರಗತಿಯ ಶಿಕ್ಷಕಿ ಹೇಳಿದರು. ನಮ್ಮ ಬಾಡಿಗೆ ಕರಾರಿನಲ್ಲೇ ಇತ್ತು. ಓದದೆ ಸಹಿ ಹಾಕಿದ್ದೆವು.

ನಾವು ಬಂದದ್ದು 2019ರ ಮಾರ್ಚಿನಲ್ಲಿ, ಹೆಂಡತಿಯ ಕೆಲಸದ ಮೇಲೆ. ದಾವಣಗೆರೆಯಲ್ಲಿ ಪಿಯು ಕಾಲೇಜಿನ ಮೇಷ್ಟರಾಗಿದ್ದ ನಾನು ಕೆಲಸ ಬಿಟ್ಟು ಜೊತೆಗೆ ಬಂದೆ. ಮಗಳಿಗೆ ಆರು ವರ್ಷ, ಮಗನಿಗೆ ಎರಡು. ಊರಲ್ಲಿ ಬೆಳಗ್ಗೆ ಏಳಕ್ಕೆ ಕೆಲಸದ ಅಕ್ಕ ಬಂದು ಪಾತ್ರೆ ತೊಳೆದು ನೆಲ ಒರೆಸಿ ಹೋಗುತ್ತಿದ್ದಳು. ಅಡುಗೆ ಅವ್ವನದು ಮತ್ತು ಹೆಂಡತಿಯದು. ತರಕಾರಿ ತರುವುದು, ಬಿಲ್ ಕಟ್ಟುವುದು ಇಷ್ಟೇ ನನ್ನ ಪಾಲಿಗಿದ್ದದ್ದು. ಇಲ್ಲಿ ಆ ವರ್ಷ ಕನಿಷ್ಠ ಕೂಲಿಯೇ ಗಂಟೆಗೆ 9.19 ಯೂರೊ. ಒಬ್ಬರ ಸಂಬಳದಲ್ಲಿ ಕೆಲಸಕ್ಕೆ ಜನ ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ಇಡೀ ಮನೆ ನನ್ನ ಕೈಗೆ ಬಂತು.

ಮೊದಲು ಬಿಡಬೇಕಾಗಿ ಬಂದದ್ದು ನೀರಿನ ಅಭ್ಯಾಸ. ಬಕೆಟ್ಟುಗಟ್ಟಲೆ ನೀರು ಹೊಯ್ದು ಉಜ್ಜಿದರೇ ಚೊಕ್ಕಟ ಅಂತ ನಂಬಿದವರು ನಾವು. ಆ ವರ್ಷದ ದೀಪಾವಳಿಗೆ, ನೀರು ತುಂಬುವ ಹಬ್ಬದ ದಿನ, ಬಚ್ಚಲುಮನೆಯನ್ನು ಊರಿನ ಹಾಗೆ ತೊಳೆಯಲು ಹೋದೆ. ಎರಡು ಬಕೆಟ್ ನೀರು ಹೊಯ್ದು ಉಜ್ಜುವಾಗ ಗೊತ್ತಾಯಿತು, ನೆಲದಲ್ಲಿ ನೀರು ಹೋಗುವ ತೂತೇ ಇಲ್ಲ. ಟಬ್ಬಿಗೂ ಸಿಂಕಿಗೂ ಪೈಪು ಇದೆ, ನೆಲಕ್ಕಿಲ್ಲ. ಟವೆಲ್ಲು, ಹಳೇ ಬೆಡ್‌ಶೀಟು ಎಲ್ಲಾ ಹಾಸಿ ಹೀರಿಸುವಷ್ಟರಲ್ಲಿ ನೀರು ಗೋಡೆಯಂಚಿನ ಸಂದಿಯಲ್ಲಿ ಇಳಿದುಹೋಗಿತ್ತು. ಅರ್ಧ ಗಂಟೆಗೆ ಕೆಳಮನೆಯವರು ಬಂದರು. ಅವರ ಬಚ್ಚಲಿನ ಚಾವಣಿಯಲ್ಲಿ ತಟ್ಟೆಯಗಲ ಕಲೆ ಮೂಡಿತ್ತು. ಹೆಂಡತಿಯ ಸಹೋದ್ಯೋಗಿಯೊಬ್ಬರು ಬಂದ ಹೊಸದರಲ್ಲೇ ಹಟ ಹಿಡಿದು ಒಂದು ವಿಮೆ ಮಾಡಿಸಿದ್ದರು: ನಮ್ಮಿಂದ ಇನ್ನೊಬ್ಬರಿಗೆ ಆದ ನಷ್ಟ ತುಂಬಿಕೊಡುವ ಹಾಫ್ಟ್‌ಫ್ಲಿಖ್ಟ್ ವಿಮೆ. ಚಾವಣಿಗೆ ಬಣ್ಣ ಹೊಡೆಸಿದ ಖರ್ಚು ಅದರಲ್ಲಿ ಬಂತು. ಈ ದೇಶಕ್ಕೆ ಹೊಸದಾಗಿ ಬರುವ ನಮ್ಮವರಿಗೆ ನಾನು ಹೇಳುವ ಮೊದಲ ಮಾತೇ ಇದು. ಪಾತ್ರೆ ಪಗಡ ಆಮೇಲೆ ಕೊಳ್ಳಿ, ಆ ವಿಮೆ ಮೊದಲು ಮಾಡಿಸಿ.

ನೀರಿಲ್ಲದೆ ಚೊಕ್ಕಟ ಮಾಡುವುದನ್ನು ಕಲಿಸಿದವರು ಎದುರು ಮನೆ ಅಜ್ಜಿಯೇ. ಮೊದಲು ಒಣ ಬಟ್ಟೆಯಲ್ಲಿ ಹಿಡಿಗಂಬಿ ಒರೆಸಬೇಕು, ಧೂಳೆಲ್ಲ ಮೆಟ್ಟಿಲ ಮೇಲೆ ಬೀಳಲಿ. ಆಮೇಲೆ ಮೇಲಿನ ಮೆಟ್ಟಿಲಿಂದ ಶುರುಮಾಡಿ ಎರಡೂ ಮೂಲೆಯಿಂದ ನಡುವಿಗೆ ಗುಡಿಸಿಕೊಂಡು ಇಳಿಯಬೇಕು. ಕಸ ಎತ್ತುವ ಮೊರಕ್ಕೆ ಕುಟರ್‌ಶೌಫೆಲ್, ಜೊತೆಯ ಕೈಬ್ರಶ್ಶಿಗೆ ಕೇರ್‌ವಿಶ್ ಅನ್ನುತ್ತಾರೆ ಇಲ್ಲಿನವರು. ಭಾಷಾ ತರಗತಿಯ ಪುಸ್ತಕದಲ್ಲಿ ಈ ಎರಡೂ ಪದ ಇಲ್ಲ. ನಾನು ಬಾಯಿಬಿಟ್ಟು ಆಡಿದ ಮೊದಲ ಶ್ವಾಬಿಯನ್ ಮಾತು ಅವೇ. ಕೊನೆಗೆ ಬಟ್ಟೆಯನ್ನು ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿ ಒರೆಸುವುದು. ನಾನು ಹಿಂಡಿದ ಬಟ್ಟೆಯನ್ನು ಅಜ್ಜಿ ಇಸಿದುಕೊಂಡು ಮತ್ತೊಮ್ಮೆ ಹಿಂಡಿದರೆ ಅರ್ಧ ಲೋಟ ನೀರು ಬಿತ್ತು.

ಮೊದಲ ಚಳಿಗಾಲಕ್ಕೆ ಮಕ್ಕಳ ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಂಡಿತು. ಚಳಿ ಅಂತ ಕಿಟಕಿ ತೆಗೆಯದೆ, ಒಳಗೇ ಅನ್ನ ಸಾರು ಕುದಿಸಿ, ಒಳಗೇ ಬಟ್ಟೆ ಒಣಹಾಕಿದ್ದರ ಫಲ. ಆವಿ ಹೋಗಲು ಜಾಗವಿಲ್ಲದೆ ತಣ್ಣನೆಯ ಹೊರಗೋಡೆಗೆ ಕೂತಿತ್ತು. ಈಗ ದಿನಕ್ಕೆ ಮೂರು ಸಲ ಹೀಟರ್ ತಗ್ಗಿಸಿ, ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚುತ್ತೇನೆ. ಕಿಟಕಿಯನ್ನು ಓರೆ ಮಾಡಿ ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗುತ್ತದೆ, ಆವಿ ಹೋಗುವುದಿಲ್ಲ. ಕಪಾಟು, ಮಂಚ ಹೊರಗೋಡೆಯಿಂದ ಗೇಣು ದೂರ. ತೇವ ತೋರಿಸುವ ಪುಟ್ಟ ಮಾಪಕ ಮಕ್ಕಳ ಕೋಣೆಯಲ್ಲಿದೆ. ಶೇಕಡಾ 60 ದಾಟಿದರೆ ಮಗನೇ ಕೂಗಿ ಹೇಳುತ್ತಾನೆ.

ಕಸ ಬೇರ್ಪಡಿಸುವುದು ಒಂದು ತಿಂಗಳಲ್ಲಿ ರೂಢಿಯಾಯಿತು. ಅಡುಗೆಮನೆ ಕಸಕ್ಕೆ ಕಂದು ಡಬ್ಬಿ, ಪ್ಯಾಕೆಟ್ಟು ಪ್ಲಾಸ್ಟಿಕ್ಕಿಗೆ ಹಳದಿ, ಕಾಗದಕ್ಕೆ ಬೇರೆ, ಉಳಿದದ್ದಕ್ಕೆ ಬೂದು. ಯಾವ ಡಬ್ಬಿ ಯಾವ ದಿನ ಅಂತ ಕ್ಯಾಲೆಂಡರ್ ಇದೆ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ಖಾಲಿಯಾದ ಮೇಲೆ ಕೊಟ್ಟರೆ ಅಂಗಡಿಯಲ್ಲಿ 25 ಸೆಂಟ್ ಠೇವಣಿ ವಾಪಸ್ ಬರುತ್ತದೆ, ಆ ದುಡ್ಡು ಮಗಳ ಹುಂಡಿಗೆ. ಮನಸ್ಸು ಒಪ್ಪದೆ ಹೋದದ್ದು ದೇವರ ಹೂವಿನ ವಿಷಯದಲ್ಲಿ ಮಾತ್ರ. ನಿರ್ಮಾಲ್ಯವನ್ನು ಈರುಳ್ಳಿ ಸಿಪ್ಪೆಯ ಜೊತೆ ಹಾಕಲು ಕೈ ಬರಲಿಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿದೆ. "ಗಿಡದ ಬುಡಕ್ಕೆ ಹಾಕಪ್ಪಾ, ತುಳಿಯೋ ಜಾಗದಾಗೆ ಬ್ಯಾಡ" ಅಂದಳು. ಬಾಲ್ಕನಿಯಲ್ಲಿ ಅದಕ್ಕೆಂದೇ ಒಂದು ದೊಡ್ಡ ಕುಂಡ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಅದರಲ್ಲಿ ಚೆಂಡುಹೂ ಬಿಡುತ್ತದೆ.

ಗದ್ದಲದ ಕೆಲಸಕ್ಕೆ ಹೊತ್ತು ನೋಡಬೇಕು. ರಾತ್ರಿ 10ರ ಮೇಲೆ ಇಲ್ಲ, ನಮ್ಮ ಕಟ್ಟಡದ ನಿಯಮದ ಪ್ರಕಾರ ಮಧ್ಯಾಹ್ನ 1ರಿಂದ 3 ಇಲ್ಲ, ಭಾನುವಾರ ಇಡೀ ದಿನ ಇಲ್ಲ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಊರಿಂದ ತಂದ ಗ್ರೈಂಡರನ್ನು ಶುಕ್ರವಾರ ಸಂಜೆ ಎಂಟರೊಳಗೆ ತಿರುಗಿಸಿ ಮುಗಿಸುತ್ತೇನೆ, ಕೆಳಗೊಂದು ದಪ್ಪ ರಬ್ಬರ್ ಹಾಸು. ಚಳಿಯಲ್ಲಿ ಹಿಟ್ಟು ಹುಳಿಯುವುದಿಲ್ಲ. ಓವನ್ನಿನ ದೀಪ ಮಾತ್ರ ಹಾಕಿ ಒಳಗಿಟ್ಟರೆ ಬೆಳಗ್ಗೆ ಹೊತ್ತಿಗೆ ಪಾತ್ರೆಯ ಕಂಠದವರೆಗೆ ಉಬ್ಬಿರುತ್ತದೆ.

ಇವೆಲ್ಲ ಕೈಯ ಕೆಲಸ, ಕಲಿತರೆ ಬರುತ್ತವೆ. ನಮ್ಮ ಮನೆಯಲ್ಲಿ ನಿಜವಾಗಿ ತೊಡಕಾದದ್ದು ಬೇರೆ. ನಾನು ಮನೆಯಲ್ಲಿದ್ದೆ, ಎಲ್ಲಾ ಮಾಡುತ್ತಿದ್ದೆ, ಆದರೂ ಹೆಂಡತಿ ಆಫೀಸಿನಿಂದ ಫೋನ್ ಮಾಡುತ್ತಿದ್ದಳು: ನಾಳೆ ಕಂದು ಡಬ್ಬಿ, ಮಗನ ಡಯಾಪರ್ ಮುಗಿದಿದೆ, ಮಗಳ ಈಜಿನ ಬಟ್ಟೆ ಒಗೆಯಬೇಕು. ಒಂದು ದಿನ ನಾನು ರೇಗಿದೆ, ಹೇಳಿದ್ದೆಲ್ಲಾ ಮಾಡ್ತಾ ಇದೀನಲ್ಲ ಅಂತ. ಅವಳು ಸಿಟ್ಟು ಮಾಡಲಿಲ್ಲ. "ಮಾಡ್ತೀರಿ, ಇಲ್ಲ ಅನ್ನಲ್ಲ. ಆದ್ರೆ ನೆನಪಿಟ್ಕೊಂಡು ಹೇಳೋದೂ ಒಂದು ಕೆಲಸಾನೇ ಅಲ್ವೇನ್ರೀ? ಅದು ಇನ್ನೂ ನನ್ ತಲೇಲೇ ಐತಲ್ಲ" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಊರಲ್ಲೂ ಆ ಕೆಲಸ ಅವಳ ಮತ್ತು ಅವ್ವನ ತಲೆಯಲ್ಲೇ ಇತ್ತು ಅನ್ನುವುದು ಆವತ್ತು ಹೊಳೆಯಿತು.

ಇದಕ್ಕೊಂದು ದಾರಿ ನಮ್ಮ ಬಾಗಿಲಲ್ಲೇ ನೇತಾಡುತ್ತಿತ್ತು. ಕೇರ್‌ವೊಖೆಯ ಹಲಗೆ ಬಂದ ಮೇಲೆ ಯಾರೂ ಯಾರಿಗೂ ನೆನಪಿಸುವುದಿಲ್ಲ. ವಾರ ಮುಗಿದರೆ ಹಲಗೆ ಎದುರು ಬಾಗಿಲಿಗೆ. ಅದೇ ಪದ್ಧತಿಯನ್ನು ಮನೆಯೊಳಕ್ಕೆ ತಂದೆವು. ಮಗಳು ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ ಮೂರು ಹಲಗೆ ಮಾಡಿದಳು. ಒಂದರ ಮೇಲೆ ಅಡುಗೆ, ಇನ್ನೊಂದರ ಮೇಲೆ ಬಟ್ಟೆ, ಮತ್ತೊಂದರ ಮೇಲೆ ಕಸ-ಬಚ್ಚಲು ಅಂತ ಕನ್ನಡದಲ್ಲೇ ಬರೆದಳು. ಹಜಾರದ ಗೋಡೆಯಲ್ಲಿ ನಮ್ಮ ಹೆಸರಿನ ಮೊಳೆಗಳು. ಹಲಗೆ ಯಾರ ಮೊಳೆಯಲ್ಲಿದೆಯೋ ಆ ಕೆಲಸ ತುದಿಯಿಂದ ಬುಡದವರೆಗೆ ಅವರದು. ಬಟ್ಟೆ ಅಂದರೆ ಸೋಪಿನ ಪುಡಿ ತಳ ಕಂಡದ್ದನ್ನು ಗಮನಿಸುವುದರಿಂದ ಹಿಡಿದು ಮಡಿಚಿ ಕಪಾಟಿಗಿಡುವವರೆಗೆ. ಇನ್ನೊಬ್ಬರು ನೆನಪಿಸಬಾರದು, ಮಾಡಿದ್ದನ್ನು ತಿದ್ದಬಾರದು.

ಈ ಕೊನೆಯ ಮಾತು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ಒಂದು ವಾರ ಕಾಗದದ ಡಬ್ಬಿ ಹೊರಗಿಡಲು ಮರೆತೆ. ಅದರ ಗಾಡಿ ವಾರಕ್ಕೊಮ್ಮೆ ಬರುವುದಿಲ್ಲ. ಮುಂದಿನ ಗಾಡಿ ಬರುವವರೆಗೆ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಚಪ್ಪಟೆ ಮಾಡಿ ನೆಲಮಾಳಿಗೆಯಲ್ಲಿ ಪೇರಿಸಿಟ್ಟೆ. ಹೆಂಡತಿ ದಿನಾ ಅದೇ ದಾರಿಯಲ್ಲಿ ಸೈಕಲ್ ತೆಗೆದುಕೊಂಡು ಹೋಗುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆ ಮೌನಕ್ಕೆ ನಾನು ಋಣಿ. ಮತ್ತೆ ಮರೆತಿಲ್ಲ. ಆಫೀಸಿನ ಫೋನುಗಳು ನಿಂತವು. ನನಗೂ ಕೆಲಸ ಸಿಕ್ಕಿದ ಮೇಲೆ ಹಲಗೆಗಳನ್ನು ಮತ್ತೆ ಹಂಚಿಕೊಂಡೆವು, ಮಗಳಿಗೂ ಒಂದು ಮೊಳೆ ಬಂತು.

ಹೋದ ವರ್ಷ ಎದುರು ಮನೆ ಅಜ್ಜಿಗೆ ಸೊಂಟದ ಆಪರೇಷನ್ ಆಯಿತು. ನಿಮ್ಮ ವಾರವನ್ನೂ ನಾವೇ ಮಾಡುತ್ತೇವೆ ಅಂದೆವು. ಮೊದಲು ಒಪ್ಪಲಿಲ್ಲ, ಆಮೇಲೆ ಒಂದು ಷರತ್ತು ಹಾಕಿದರು. ತಮ್ಮ ಸರದಿ ಬಂದಾಗ ಹಲಗೆ ತಮ್ಮ ಬಾಗಿಲಲ್ಲೇ ಇರಬೇಕು. ಹಾಗಾಗಿ ವಾರ ಬಿಟ್ಟು ವಾರ ಅದನ್ನು ಅವರ ಹಿಡಿಕೆಗೆ ಹಾಕುತ್ತೇನೆ. ಶನಿವಾರ ಬೆಳಗ್ಗೆ ಹತ್ತಕ್ಕೆ ನಾನೂ ಮಗಳೂ ಮೇಲಿನ ಮೆಟ್ಟಿಲಿಂದ ಶುರುಮಾಡಿದರೆ, ಅವರು ಬಾಗಿಲು ತೆರೆದು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಬಿಟ್ಟುಹೋದ ಮೂಲೆಯನ್ನು ಊರುಗೋಲಿನಿಂದ ತೋರಿಸುತ್ತಾರೆ. ಮಗಳು ಬಟ್ಟೆ ಹಿಂಡಿ ಅವರ ಕೈಗೆ ಕೊಡುತ್ತಾಳೆ. ಅವರು ಇನ್ನೊಮ್ಮೆ ಹಿಂಡಿ ನೋಡಿ, ಹನಿ ಬೀಳದಿದ್ದರೆ ತಲೆಯಾಡಿಸಿ ವಾಪಸ್ ಕೊಡುತ್ತಾರೆ.