ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಕೂರಿಸಿದ್ದು

ಅಕ್ಕನ ಲ್ಯಾಪ್‌ಟಾಪ್ ಐದನೇ ಜನರೇಶನ್ನಿನ ಐ3. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಇದರ ಜೊತೆಗೆ ಹಾರ್ಡ್ ಡಿಸ್ಕ್ ಬೇರೆ ಸೋತಿತ್ತು. ಡೆಸ್ಕ್‌ಟಾಪ್ ಕಾಣಿಸಿದ ಮೇಲೂ ಡಿಸ್ಕಿನ ದೀಪ ಉರಿಯುತ್ತಲೇ ಇರುತ್ತಿತ್ತು. "ಹೊಸದೇ ತಗೊಂಡ್ಬಿಡ್ಲಾ?" ಎಂದು ಅಕ್ಕ ಕೇಳಿದಳು. ಸ್ಕ್ರೀನ್, ಕೀಬೋರ್ಡ್ ಚೆನ್ನಾಗಿವೆ, 8 ಜಿಬಿ ರ್‍ಯಾಮ್ ಇದೆ. "ಬೇಡ ಅಕ್ಕಾ, ಡಿಸ್ಕ್ ಬದಲಾಯಿಸಿದ್ರೆ ಸಾಕು" ಎಂದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವುದೆಂದು ನಿರ್ಧರಿಸಿದೆವು.

240 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಂದೆವು. ಎಸ್‌ಎಸ್‌ಡಿ ಎಂದರೆ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್; ಸಾಟಾ ಎಂಬುದು ಹಳೆ ಹಾರ್ಡ್ ಡಿಸ್ಕಿನದೇ ಕನೆಕ್ಟರ್. ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿ ಇನ್ನೂ ವೇಗ, ನಿಜ. ಆದರೆ ಈ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಅದಕ್ಕಿಂತ ಮುಖ್ಯ, ಇದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಸೂಜಿಯೂ ಇಲ್ಲ. ಚಿಕ್ಕ ಚಿಕ್ಕ ಫೈಲುಗಳು ಕೇಳಿದ ಕೂಡಲೇ ಸಿಗುತ್ತವೆ. ದಿನನಿತ್ಯದ ಕೆಲಸದಲ್ಲಿ ಗೊತ್ತಾಗುವ ವೇಗ ಅದೇ.

ಹಳೆಯದನ್ನೇ ಕ್ಲೋನ್ ಮಾಡಬಹುದಿತ್ತಲ್ವಾ, ಅಂದರೆ ಇದ್ದದ್ದನ್ನು ಇದ್ದ ಹಾಗೇ ಹೊಸ ಡಿಸ್ಕಿಗೆ ನಕಲಿಸಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆದು ನೋಡಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ತುಣುಕುಗಳು) ಅದರಲ್ಲಿದ್ದವು. ಅಂಥ ಡಿಸ್ಕಿನಿಂದ ಮೊದಲು ಫೈಲುಗಳನ್ನು ಹೊರಗೆ ತೆಗೆಯಬೇಕು, ಕ್ಲೋನ್ ಮಾತು ಆಮೇಲೆ. ಫೋಟೊ, ಪಾಠದ ಟಿಪ್ಪಣಿ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ, ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ನುಡಿಯ ಫಾಂಟ್ ಫೈಲುಗಳನ್ನೂ ಮರೆಯದೆ ತೆಗೆದಿಟ್ಟುಕೊಂಡೆ.

ಈಗ ನಾನು ಒತ್ತಿ ಹೇಳಬೇಕಾದ ವಿಷಯ. ಇನ್‌ಸ್ಟಾಲ್ ಮಾಡುವಾಗ ಮಷಿನ್ನಿನಲ್ಲಿ ಹೊಸ ಎಸ್‌ಎಸ್‌ಡಿ ಒಂದೇ ಇರಬೇಕು. ಹಳೆ ಡಿಸ್ಕನ್ನು ಯುಎಸ್‌ಬಿಗೆ ಹಾಕಿಕೊಂಡು ಕೂರಬಾರದು, ಡಿವಿಡಿ ಡ್ರೈವ್ ತೆಗೆದ ಜಾಗಕ್ಕೆ ಎರಡನೇ ಡಿಸ್ಕ್ ಕೂರಿಸುವ ಕ್ಯಾಡಿಯಲ್ಲೂ ಇಡಬಾರದು. ಅಳಿಸಬಾರದ ಡಿಸ್ಕ್ ಅಳಿಸಿಹೋಗುವ ಭಯ ಒಂದು ಕಡೆ. ಇನ್ನೊಂದು ಕಡೆ, ಮಿಂಟ್‌ನ ಇನ್‌ಸ್ಟಾಲರ್ ಕೆಲವೊಮ್ಮೆ ನಾವು ಹೊಸ ಡಿಸ್ಕ್ ಆರಿಸಿದ್ದರೂ ಬೂಟ್‌ಲೋಡರನ್ನು (ಸಿಸ್ಟಂ ಶುರುಮಾಡುವ ಪ್ರೋಗ್ರಾಂ) ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಶನ್‌ಗೆ, ಅಂದರೆ ಬೂಟ್ ಫೈಲುಗಳಿಗೆಂದೇ ಇರುವ ಭಾಗಕ್ಕೆ, ಬರೆದುಬಿಡುತ್ತದೆ. ಎಲ್ಲ ಸರಿಯಾಗಿ ನಡೆದಂತೆಯೇ ಕಾಣುತ್ತದೆ. ಹಳೆ ಡಿಸ್ಕ್ ತೆಗೆದ ದಿನ ಮಷಿನ್ ಬೂಟ್ ಆಗುವುದಿಲ್ಲ. ಡಿಸ್ಕ್ ಒಂದೇ ಇದ್ದರೆ ಈ ಗೊಂದಲವೇ ಹುಟ್ಟುವುದಿಲ್ಲ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಹಿಂಬದಿಯ ಸ್ಕ್ರೂ ಬಿಚ್ಚಿದೆ. ಹಾರ್ಡ್ ಡಿಸ್ಕಿನ ಸುತ್ತ ಲೋಹದ ಚೌಕಟ್ಟು ಇರುತ್ತದೆ. ಅದನ್ನು ಹೊಸದಕ್ಕೆ ಹಾಕಿ, ಕನೆಕ್ಟರ್ ನೇರವಾಗಿ ತಳ್ಳಬೇಕು. ಓರೆಯಾದರೆ ಪ್ಲಾಸ್ಟಿಕ್ ನಾಲಗೆ ಮುರಿಯುತ್ತದೆ. ಎಸ್‌ಎಸ್‌ಡಿ 7 ಮಿಲಿಮೀಟರ್ ದಪ್ಪ, ಹಳೆಯದು 9.5 ಆಗಿತ್ತು. ಅಲುಗಾಡದಂತೆ ಮೇಲೆ ತೆಳು ಫೋಮ್ ಇಟ್ಟೆ.

ಮಿಂಟ್‌ನ ಇನ್‌ಸ್ಟಾಲ್ ಫೈಲಾದ ಐಎಸ್‌ಒ ಮೊದಲೇ ಇಳಿಸಿ, ಅದು ಕೆಟ್ಟಿಲ್ಲವೆಂದು ಎಸ್‌ಎಚ್‌ಎ-256 ಸಂಖ್ಯೆ ತಾಳೆ ನೋಡಿ, ರೂಫಸ್ ಎಂಬ ಪ್ರೋಗ್ರಾಂನಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆದಿಟ್ಟಿದ್ದೆ. ಮಷಿನ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್, ಅಂದರೆ ಬಯಾಸ್‌ನಲ್ಲಿ ಎರಡು ಕಡೆ ನೋಡಿದೆ. ಬೂಟ್ ಆಗುವ ರೀತಿ (ಬೂಟ್ ಮೋಡ್) ಯುಇಎಫ್‌ಐ, ಡಿಸ್ಕಿನ ಜೊತೆ ಮಾತಾಡುವ ರೀತಿ (ಸಾಟಾ ಮೋಡ್) ಎಎಚ್‌ಸಿಐ ಎಂದಿರಬೇಕು. ಎರಡನೆಯದು ರೇಡ್ ಅಂತ ಇದ್ದರೆ ಇನ್‌ಸ್ಟಾಲರಿಗೆ ಡಿಸ್ಕೇ ಕಾಣದೆ ಇರಬಹುದು.

ಪೆನ್‌ಡ್ರೈವ್‌ನಿಂದ ಬೂಟ್ ಆದ ಮೇಲೆ ನೇರ ಇನ್‌ಸ್ಟಾಲ್‌ಗೆ ಹೋಗಲಿಲ್ಲ. ಮೊದಲು ವೈಫೈ, ಸೌಂಡ್, ಟಚ್‌ಪ್ಯಾಡ್ ಪರೀಕ್ಷಿಸಿದೆ. ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಡಿಸ್ಕ್ ಪಟ್ಟಿ ನೋಡಿದರೆ ಹೊಸದು 240ರ ಬದಲು 223.6 ಎಂದು ಕಂಡಿತು. ಗಾಬರಿ ಬೇಡ. ಪೊಟ್ಟಣದ ಮೇಲಿನ 240ರಲ್ಲಿ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ಟರ್ಮಿನಲ್ 1000ದ ಬದಲು 1024ರ ಲೆಕ್ಕ ಹಿಡಿಯುತ್ತದೆ, ಹಾಗಾಗಿ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ. ಜಾಗ ಎಲ್ಲೂ ಹೋಗಿಲ್ಲ.

ಮಷಿನ್ನಿನಲ್ಲಿ ಒಂದೇ ಡಿಸ್ಕ್ ಇದ್ದುದರಿಂದ 'ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು' ಎಂಬುದನ್ನು ಧೈರ್ಯವಾಗಿ ಒತ್ತಿದೆ. ಇಎಫ್‌ಐ ಪಾರ್ಟಿಶನ್, ಅದರ ಪಕ್ಕ ಫೈಲುಗಳಿಗೆ ಇಎಕ್ಸ್‌ಟಿ4 ಮಾದರಿಯ ಪಾರ್ಟಿಶನ್, ಎಲ್ಲ ಇನ್‌ಸ್ಟಾಲರೇ ಮಾಡಿಕೊಂಡಿತು. ಪಾರ್ಟಿಶನ್ನಿನ ಶುರುವನ್ನು ಎಸ್‌ಎಸ್‌ಡಿಯ ಒಳಗಿನ ವಿಭಾಗಗಳಿಗೆ ಹೊಂದಿಸುವ ಚಿಂತೆ ಈಗ ಬೇಕಿಲ್ಲ. ಇಂದಿನ ಇನ್‌ಸ್ಟಾಲರ್‌ಗಳು ಹೊಂದುವ ಜಾಗವಾದ 2048ನೇ ಸೆಕ್ಟರಿನಿಂದಲೇ ಶುರುಮಾಡುತ್ತವೆ.

ಮುಗಿದ ಮೇಲೆ ಟ್ರಿಮ್ ನೋಡಿದೆ. ಎಸ್‌ಎಸ್‌ಡಿಯಲ್ಲಿ ಬರೆದ ಜಾಗದ ಮೇಲೆ ಹಾಗೇ ಇನ್ನೊಂದು ಬರೆಯಲಾಗುವುದಿಲ್ಲ. ಆ ಬ್ಲಾಕನ್ನೇ ಪೂರ್ತಿ ಅಳಿಸಬೇಕು. ಅಳಿಸಿದ ಫೈಲುಗಳ ಜಾಗ ಯಾವುದೆಂದು ಡಿಸ್ಕಿಗೆ ತಿಳಿಸುವುದೇ ಟ್ರಿಮ್. ಮಿಂಟ್‌ನಲ್ಲಿ ಎಫ್‌ಎಸ್‌ಟ್ರಿಮ್ ಟೈಮರ್ ವಾರಕ್ಕೊಮ್ಮೆ ತಾನೇ ಓಡುತ್ತದೆ. ಅದು ಚಾಲೂ ಇದೆಯಾ ಅಂತ ನೋಡಿಕೊಂಡರೆ ಸಾಕು. ಹಾರ್ಡ್ ಡಿಸ್ಕಿಗೆ ಮಾಡುವ ಹಾಗೆ ಚದುರಿದ ಫೈಲುಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಸುಮ್ನೆ ಮಾಡುತ್ತಾ ಕೂರಬೇಡಿ.

ಅಕ್ಕನಿಗೆ ಬೇಕಾದದ್ದು ಕನ್ನಡ ಟೈಪಿಂಗ್. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ಗೆ ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹ ಸೇರಿಸಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಆರಿಸಿದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು ಅದು. ನುಡಿಯಲ್ಲೂ ಅದೇ ಇರುವುದರಿಂದ ಅವಳ ಬೆರಳಿಗೆ ಹೊಸದೇನೂ ಕಲಿಯಬೇಕಾಗಲಿಲ್ಲ. ಹಳೆಯ ಕಡತಗಳು ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ, ಮಿಂಟ್‌ನ ಕಚೇರಿ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ತೆಗೆದಿಟ್ಟಿದ್ದ ನುಡಿ ಫಾಂಟ್‌ಗಳನ್ನು ಫಾಂಟ್ ಫೋಲ್ಡರಿಗೆ ಹಾಕಿದ ಮೇಲೆ ಕನ್ನಡ ಕಂಡಿತು. ಹೊಸದಾಗಿ ಬರೆಯುವುದೆಲ್ಲ ಯೂನಿಕೋಡ್‌ನಲ್ಲೇ ಇರಲಿ ಎಂದು ಅವಳಿಗೆ ಹೇಳಿದ್ದೇನೆ.