ಬೋರ್‌ವೆಲ್ ಲೆಕ್ಕ ಕಡಲಾಚೆ ಹೋದ ಕತೆ

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಕಾವಲಿ ಮೇಲೆ ದೋಸೆ ಇತ್ತು. ಫೋನ್ ಬಂತು.

"ಮೇಡಂ, ನಮ್ ಬೋರು ಸಾವಿರದ ಇನ್ನೂರಡಿ ಅಂತ ಆ ಮೋಟರ್ ಮಾರೋನಿಗೆ ಯಾರೇಳಿದ್ರು?"

ಕೋಲಾರ ತಾಲ್ಲೂಕಿನ ರೈತರೊಬ್ಬರು. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಪಂಪ್‌ಸೆಟ್ ಮಾರುವ ಯಾರೋ ಒಬ್ಬ ಅವರಿಗೆ ಫೋನ್ ಮಾಡಿ, ಹೆಸರು ಹಿಡಿದು ಮಾತಾಡಿಸಿ, "ನಿಮ್ಮ ಆಳಕ್ಕೆ ಈಗಿರೋ ಮೋಟರ್ ಸಾಲಲ್ಲ" ಅಂದಿದ್ದಾನೆ. ಆ ಆಳ ಗೊತ್ತಿದ್ದವರು ನಾಲ್ಕೇ ಜನ. ಅವರು, ಅವರ ಮಗ, ಕೊರೆದ ಲಾರಿಯವನು, ನಾನು. ಲಾರಿಯವನು ತಮಿಳುನಾಡಿನ ತಿರುಚೆಂಗೋಡಿನವನು, ಕೊರೆದು ಹೋಗಿ ಆರು ವರ್ಷ ಆಗಿತ್ತು. ಉಳಿದಿದ್ದು ನಾನೇ. ದೋಸೆ ಸೀದು ಹೋಯಿತು.

ನಾನು ಕೋಲಾರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. 2021ರಲ್ಲಿ ಯುರೋಪಿನ ಒಂದು ವಿಶ್ವವಿದ್ಯಾಲಯದವರ ಜೊತೆ ಸೇರಿ ಒಂದು ಕೆಲಸ ಶುರು ಮಾಡಿದ್ದೆ. ಕೆಸಿ ವ್ಯಾಲಿ ಯೋಜನೆ ನಿಮಗೆ ಗೊತ್ತಿರಬಹುದು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಪಂಪ್ ಮಾಡುವುದು. ದಿನಕ್ಕೆ 440 ದಶಲಕ್ಷ ಲೀಟರ್ ಅಂತ ಲೆಕ್ಕ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆ ಬಂತು, ಆಮೇಲೆ ಕೋರ್ಟು. ಮೂರನೇ ಹಂತವೂ ಆಗಲೇಬೇಕು ಅಂತ ಹೋರಾಡುವವರು ಇದ್ದಾರೆ. ಬತ್ತಿದ ಬೋರಿನಲ್ಲಿ ಮತ್ತೆ ನೀರು ಬಂತಲ್ಲ, ಸಾಕು ಅನ್ನುವವರೂ ಇದ್ದಾರೆ. ನಮ್ಮ ಪ್ರಶ್ನೆ ಸಣ್ಣದು. ಕೆರೆ ತುಂಬಿದ ಮೇಲೆ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇಳಿಯುತ್ತದಾ, ನೈಟ್ರೇಟ್ ಏರುತ್ತದಾ?

ನಲವತ್ತೆರಡು ಬೋರ್‌ವೆಲ್. ಒಂದೊಂದಕ್ಕೂ ಗೂಗಲ್ ಶೀಟಿನಲ್ಲಿ ಒಂದು ಸಾಲು. ಹೆಸರು, ಫೋನ್, ಸರ್ವೆ ನಂಬರ್, ಜಿಪಿಎಸ್, ಆಳ, ಕೊರೆಸಿದ ವರ್ಷ, ಫ್ಲೋರೈಡ್, ನೈಟ್ರೇಟ್. ಯುರೋಪಿನವರಿಗೂ ಕಾಣಲಿ ಅಂತ "ಲಿಂಕ್ ಇದ್ದವರೆಲ್ಲ ನೋಡಬಹುದು" ಅನ್ನುವುದನ್ನು ಒತ್ತಿದ್ದೆ. ಆ ಲಿಂಕನ್ನು ಒಬ್ಬ ವಿದ್ಯಾರ್ಥಿ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ. ಅಲ್ಲಿಂದ ಇನ್ನೊಂದು ಗ್ರೂಪಿಗೆ ಹೋಯಿತು. ಹೊರದೇಶದವರು ಯಾರೂ ಏನನ್ನೂ ಕದ್ದಿರಲಿಲ್ಲ. ಬಾಗಿಲು ತೆಗೆದಿಟ್ಟವಳು ನಾನೇ.

ತಮಾಷೆ ಏನೆಂದರೆ, ಅಷ್ಟೊತ್ತಿಗೆ ನಾನು ಭದ್ರತೆ ಬಗ್ಗೆ ಎಷ್ಟೋ ಯೋಚನೆ ಮಾಡಿದ್ದೆ. ನಾನು ಹುಟ್ಟಿದ್ದು ಗೌರಿಬಿದನೂರು ಕಡೆ. ಅಲ್ಲಿ ಬಿಎಆರ್‌ಸಿಯ, ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರದ, ಭೂಕಂಪ ಮಾಪಕಗಳ ಸಾಲು ಇದೆ. 1965ರಲ್ಲಿ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಜೊತೆ ಸೇರಿ ಹಾಕಿದ್ದು. ಎಲ್ಲೋ ದೂರದ ದೇಶ ನೆಲದೊಳಗೆ ಬಾಂಬ್ ಸಿಡಿಸಿದರೆ ನಮ್ಮೂರ ಬಂಡೆಗೆ ಗೊತ್ತಾಗುತ್ತದೆ. "ಆ ಕಡೆ ಹೋದ್ರೆ ಹಿಡ್ಕೊಂಡ್ ಹೋಗ್ತಾರೆ" ಅಂತ ಅಜ್ಜಿ ಹೆದರಿಸುತ್ತಿದ್ದರು. ಅದೇ 1965ರಲ್ಲಿ ಕೆಜಿಎಫ್‌ನಲ್ಲಿ, ಚಿನ್ನದ ಗಣಿಯೊಳಗೆ ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹ್ಯಾಮ್‌ನವರು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಸೂಕ್ಷ್ಮ ಕಣ ಹಿಡಿದರು. ಅದೇ ವರ್ಷ ವಿಜ್ಞಾನ ಪತ್ರಿಕೆಯಲ್ಲಿ ಲೋಕಕ್ಕೆಲ್ಲ ಹೇಳಿದರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ, ಹಾಗಾಗಿ ಆಗ ಎರಡೂ ಕೋಲಾರ ಜಿಲ್ಲೆಯೇ. ಎರಡರಲ್ಲೂ ಹೊರದೇಶದವರಿದ್ದರು. ಒಂದು ಬಾಂಬಿಗೆ ಕಿವಿ ಕೊಡುವ ಕೆಲಸ, ಇನ್ನೊಂದು ಲೋಕಕ್ಕೆ ಸಾರುವ ಕೆಲಸ. ನನ್ನ ತಲೆಯಲ್ಲಿ ಭದ್ರತೆ ಅಂದರೆ ಈ ಬಾಂಬು, ಈ ಬೇಲಿ. ಬೋರ್‌ವೆಲ್ ಆಳಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಲಿಂಕ್ ಮುಚ್ಚಿದೆ. ಮಂಗಳವಾರ ಊರಿಗೆ ಹೋದೆ. ತಪ್ಪು ನಂದೇ ಅಂತ ಒಪ್ಪಿಕೊಂಡೆ. ಬೈದರು, ಆಮೇಲೆ ಕಾಫಿ ಕೊಟ್ಟರು. ಅರಳಿಕಟ್ಟೆ ಮೇಲೆ ಹತ್ತು ಹನ್ನೆರಡು ಜನ ಸೇರಿದರು. ಶೀಟನ್ನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಒಂದೊಂದೇ ಕಾಲಂ ಓದಿ ಕೇಳಿದೆ. ಇದು ಹೊರದೇಶಕ್ಕೆ ಹೋಗಬಹುದಾ? ಇದು? ಇದು?

ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಫ್ಲೋರೈಡ್ ಅಂಕಿಗೆ ಗಲಾಟೆ ಆಗಬಹುದು ಅಂದುಕೊಂಡಿದ್ದೆ. "ಅದು ನಮ್ ಹಲ್ಲು ನೋಡಿದ್ರೇ ಗೊತ್ತಾಗುತ್ತೆ, ಹಾಕ್ಕೊಳಿ" ಅಂದರು. ಆಳಕ್ಕೂ ತಕರಾರಿಲ್ಲ, ಹೆಸರಿನ ಪಕ್ಕ ಇರಬಾರದು ಅಷ್ಟೆ. ಊರ ಹೆಸರಿಗೆ ಮಾತ್ರ ಒಬ್ಬ ಹುಡುಗ ಎದ್ದು ನಿಂತ. ಅವನು ದಿನಾ ಎಪಿಎಂಸಿಗೆ ಟೊಮೇಟೊ ಹಾಕುವವನು. "ಈ ಊರ ನೀರು ಇಂಗಂತೆ ಅಂತ ಪೇಪರ್‌ನಲ್ಲಿ ಬಂದ್ರೆ ನಮ್ ಬಾಕ್ಸ್ ಯಾರು ಮುಟ್ತಾರೆ ಮೇಡಂ? ಫಾರಿನ್‌ನೋರು ಹೇಳಿದ್ರು ಅಂದ್ರೆ ಮುಗೀತು."

ಕೊನೆಗೆ "ಕೊರೆಸಿದ ವರ್ಷ" ಅಂತ ಓದಿದೆ. ಯಾರೂ ಮಾತಾಡಲಿಲ್ಲ. ಒಬ್ಬರು ಟವೆಲ್ ಕೊಡವಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹಿರಿಯರು ಮೆಲ್ಲಗೆ, "ವರ್ಸ ಬ್ಯಾಡ ಮೇಡಂ" ಅಂದರು. ಆಗ ಹೊಳೆಯಿತು. ಕೋಲಾರದ ತಾಲ್ಲೂಕುಗಳೆಲ್ಲ ಅಂತರ್ಜಲ ಅತಿಯಾಗಿ ಬಳಕೆಯಾದ ಪಟ್ಟಿಯಲ್ಲಿವೆ. 2011ರ ಅಂತರ್ಜಲ ಕಾಯ್ದೆ ಬಂದ ಮೇಲೆ ಇಂಥ ಕಡೆ ಹೊಸ ಬೋರ್ ಕೊರೆಸಲು ಅನುಮತಿ ಬೇಕು. ಎಲ್ಲರ ಹತ್ತಿರವೂ ಆ ಕಾಗದ ಇದೆಯಾ ಅಂತ ನಾನು ಕೇಳಲಿಲ್ಲ. ಅದು ನನ್ನ ಕೆಲಸವೂ ಅಲ್ಲ. ನನ್ನನ್ನು ನಂಬಿ ಹೇಳಿದ್ದನ್ನು ಸಾಕ್ಷಿಯಾಗಿ ಬರೆದಿಟ್ಟಿದ್ದೆನಲ್ಲ, ಅದೇ ನನ್ನನ್ನು ಕಾಡಿದ್ದು. ಪೆನ್ ತೆಗೆದು ಅಲ್ಲೇ ಆ ಕಾಲಂ ಹೊಡೆದು ಹಾಕಿದೆ.

ಈಗ ಯುರೋಪಿನವರನ್ನು ಒಪ್ಪಿಸಬೇಕಿತ್ತು. ಅವರ ವಿಶ್ವವಿದ್ಯಾಲಯದ ಕರಡು ಒಪ್ಪಂದದಲ್ಲಿ, ಸಂಗ್ರಹಿಸಿದ ಅಂಕಿಗಳನ್ನೆಲ್ಲ ಒಂದು ವರ್ಷದೊಳಗೆ ಎಲ್ಲರಿಗೂ ತೆರೆದಿಡಬೇಕು ಅಂತ ಇತ್ತು. ತಪ್ಪೇನಲ್ಲ. ಮುಚ್ಚಿಟ್ಟ ಅಂಕಿಯನ್ನು ಯಾರು ನಂಬುತ್ತಾರೆ? ನಮ್ಮಲ್ಲಿ ಎಷ್ಟೋ ವರದಿಗಳು ಬೀರುವಿನಲ್ಲೇ ಗೆದ್ದಲು ಹಿಡಿದಿವೆ. ಅದಕ್ಕೇ "ಕೊಡಲ್ಲ" ಅನ್ನುವುದು ನನಗೂ ಇಷ್ಟವಿರಲಿಲ್ಲ.

ಮೊದಲು ಜಿಪಿಎಸ್ ಅಂಕಿಗಳನ್ನು ದಶಮಾಂಶದ ಎರಡೇ ಸ್ಥಾನಕ್ಕೆ ಇಳಿಸೋಣ ಅಂದೆ. ಮೂರು ಸ್ಥಾನ ಉಳಿಸಿಕೊಂಡರೆ ಸುಮಾರು ನೂರ ಹತ್ತು ಮೀಟರ್ ಆಚೀಚೆ. ನಮ್ಮ ಕಡೆ ಅಷ್ಟರೊಳಗೆ ಇರುವುದು ಒಂದೋ ಎರಡೋ ಬೋರ್, ಯಾರದು ಅಂತ ಊರಿನ ಯಾವ ಹುಡುಗನೂ ಹೇಳುತ್ತಾನೆ. ಎರಡು ಸ್ಥಾನವಾದರೆ ಒಂದು ಕಿಲೋಮೀಟರ್ ಮೇಲೆ. ಅಲ್ಲಿನ ಪ್ರೊಫೆಸರಮ್ಮ ವಿಡಿಯೊ ಕಾಲ್‌ನಲ್ಲಿ ತಲೆಯಾಡಿಸಿದರು. ಕೆರೆ ನೀರು ಎಲ್ಲಿವರೆಗೆ ಜಿನುಗುತ್ತದೆ ಅಂತ ನೋಡುವ ಅಧ್ಯಯನದಲ್ಲಿ ಒಂದು ಕಿಲೋಮೀಟರ್ ತಪ್ಪಿದರೆ ಇನ್ನೇನು ಉಳಿಯುತ್ತದೆ? ಅವರ ಮಾತೂ ಸರಿ.

ಎರಡು ವಾರ ಜಗ್ಗಾಟ ನಡೆಯಿತು. ದಾರಿ ಹೊಳೆದಿದ್ದು ಕೋಲಾರದಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ, ಹೊಸಕೋಟೆ ಟ್ರಾಫಿಕ್‌ನಲ್ಲಿ ನಿಂತಿದ್ದಾಗ. ನಮಗೆ ಬೋರ್ ಎಲ್ಲಿದೆ ಅಂತ ಗೊತ್ತಾಗಬೇಕಿಲ್ಲ. ಕೆರೆಯಿಂದ ಎಷ್ಟು ದೂರ, ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲೋ ಮೇಲ್ಗಡೆಯೋ, ಇಷ್ಟು ಗೊತ್ತಾದರೆ ಸಾಕು! ಜಿಪಿಎಸ್ ಕಾಲಂ ಹೋಯಿತು, ಆ ಜಾಗಕ್ಕೆ "ದೂರ" ಮತ್ತು "ಕಡೆ" ಬಂದವು. ಕೆರೆಗಳಿಗೆ ಅ, ಆ, ಇ ಅಂತ ಹೆಸರಿಟ್ಟೆವು. ಆಳವನ್ನು ನೂರು ನೂರು ಅಡಿಯ ಗುಂಪು ಮಾಡಿದೆವು. ಅವರ ಲೆಕ್ಕಕ್ಕೆ ಏನೂ ಕಮ್ಮಿಯಾಗಲಿಲ್ಲ. ಜಿಪಿಎಸ್ ಇರುವ ಮೂಲ ಶೀಟು ನನ್ನ ಬೀರುವಿನ ಪೆನ್‌ಡ್ರೈವ್‌ನಲ್ಲಿದೆ. ಪಾಸ್‌ವರ್ಡ್ ನನಗೆ ಮತ್ತು ನಮ್ಮ ವಿಭಾಗದ ಮುಖ್ಯಸ್ಥರಿಗೆ ಮಾತ್ರ ಗೊತ್ತು.

ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಿದೆವು. ಫಲಿತಾಂಶ ಮೊದಲು ರೈತರಿಗೆ, ಕನ್ನಡದಲ್ಲಿ, ಅವರವರ ಬೋರಿನದ್ದು ಅವರವರ ಕೈಗೆ. ಅದಾಗಿ ಅರವತ್ತು ದಿನಕ್ಕೆ ಉಳಿದವರಿಗೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ಮನೆಗೆ ಕಾಗದ ಕೊಟ್ಟು ಸುಮ್ನೆ ಬರುವುದಲ್ಲ, ಕೂತು ವಿವರಿಸುವುದು. ಉಳಿದದ್ದೆಲ್ಲ, ಅಂದರೆ ಅಳೆದ ವಿಧಾನ, ಅಂಕಿಗಳು, ಲೆಕ್ಕದ ಪ್ರೋಗ್ರಾಂ, ಪೂರ್ತಿ ತೆರೆದಿಟ್ಟೆವು.

ನಮ್ಮ ಸಣ್ಣ ಲ್ಯಾಬಿನ ಅಂಕಿಯನ್ನು ಅವರು ಹೇಗೆ ನಂಬಬೇಕು? ನೀರಿನ ಬಾಟಲಿ ಅಲ್ಲಿಗೆ ಕಳಿಸುವ ಬದಲು, ಅವರೇ ಎಂಟು ಬಾಟಲಿ ಕಳಿಸಿದರು. ಒಂದೊಂದರಲ್ಲಿ ಎಷ್ಟು ಫ್ಲೋರೈಡ್ ಅಂತ ಅವರಿಗೆ ಮಾತ್ರ ಗೊತ್ತು. ನಮ್ಮ ಎಲೆಕ್ಟ್ರೋಡ್‌ನಲ್ಲಿ ಅಳೆದು ಉತ್ತರ ಕಳಿಸಿದೆವು. ಎಸ್ಸೆಸ್ಸೆಲ್ಸಿ ರಿಸಲ್ಟ್‌ಗೆ ಕಾದ ಹಾಗೆ ಕಾದೆವು. ಏಳು ಸರಿ ಬಂದವು. ಎಂಟನೆಯದರಲ್ಲಿ ನಮ್ಮ ಹುಡುಗಿ ಅಳೆಯುವ ಮೊದಲು ಬೆರೆಸಬೇಕಾದ ಬಫರ್ ದ್ರಾವಣ ಹಾಕುವುದನ್ನೇ ಮರೆತಿದ್ದಳು.

ದುಡ್ಡಿನ ವಿಷಯದಲ್ಲಿ ತಲೆನೋವು ಬೇಡ ಅಂತ ಅವರ ಹಣ ನಮ್ಮ ಖಾತೆಗೆ ಬರಲೇಬಾರದು ಅಂತ ಮೊದಲೇ ತೀರ್ಮಾನಿಸಿದ್ದೆವು. ಹೊರದೇಶದ ಹಣ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಕಾಲೇಜಿಗೆ ಇಲ್ಲ. ಡ್ರೋನ್‌ನಲ್ಲಿ ಕೆರೆಯ ನಕ್ಷೆ ಮಾಡೋಣ ಅಂತ ಅವರು ಕೇಳಿದ್ದರು. 2021ರ ಫೆಬ್ರವರಿಯ ಮಾರ್ಗಸೂಚಿ ಪ್ರಕಾರ ಒಂದು ಮೀಟರಿಗಿಂತ ಸೂಕ್ಷ್ಮವಾದ ನಕ್ಷೆಯನ್ನು ಭಾರತೀಯರೇ ಮಾಡಬೇಕು, ಅದು ಇಲ್ಲೇ ಇರಬೇಕು. ಹಾಗಾಗಿ ನಕ್ಷೆಯ ಬದಲು, ನೀರಿನ ಮಟ್ಟ ಇಷ್ಟಿದ್ದರೆ ಕೆರೆಯಲ್ಲಿ ನೀರು ಇಷ್ಟು ಅನ್ನುವ ಪಟ್ಟಿ ಕೊಟ್ಟೆವು. ಅವರಿಗೆ ಬೇಕಿದ್ದುದೂ ಅಷ್ಟೇ.

ನಾನು ಎಡವಿದ್ದು ಕೆಸರಿನಲ್ಲಿ. ಕೆರೆಯ ತಳದ ಕೆಸರು ಇನ್ನೂರು ಗ್ರಾಂ ಕಳಿಸಿ, ಬ್ಯಾಕ್ಟೀರಿಯಾದ ಡಿಎನ್‌ಎ ನೋಡುತ್ತೇವೆ ಅಂತ ಮೇಲ್ ಬಂತು. ಕೆಸರು ತಾನೇ ಅಂದುಕೊಂಡೆ. ಥರ್ಮೊಕೋಲ್ ಡಬ್ಬ, ಐಸ್ ಪ್ಯಾಕ್ ಎಲ್ಲ ರೆಡಿ. ಬೆಂಗಳೂರಿನ ಹಿರಿಯ ಗೆಳತಿಯೊಬ್ಬಳಿಗೆ ಮಾತಿನ ನಡುವೆ ಹೇಳಿದೆ. "ಏಯ್, ನಿಲ್ಲಿಸು" ಅಂದಳು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಜೀವಿಗಳೂ ಜೈವಿಕ ಸಂಪನ್ಮೂಲವೇ. ಹೊರದೇಶದವರು ಸಂಶೋಧನೆಗೆ ಅಂತ ಪಡೆಯಬೇಕಾದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಮೊದಲೇ ಬೇಕು. ಅವರೇ ಇಲ್ಲಿಗೆ ಬಂದು ಎತ್ತಿಕೊಂಡರೂ ಅಷ್ಟೇ. ರಾಗಿ ತಳಿ, ಔಷಧಿ ಗಿಡ ಅಂದರೆ ನನಗೂ ಹೊಳೆಯುತ್ತಿತ್ತು. ಕೆರೆ ಕೆಸರು ಅಂದಾಗ ಹೊಳೆಯಲಿಲ್ಲ.

ಅರ್ಜಿ ಹಾಕೋಣ ಅಂತ ಕೂತೆವು. ಯಾವ ಕೆರೆ, ಎಷ್ಟು ಗ್ರಾಂ, ಕೆಲಸ ಮುಗಿದ ಮೇಲೆ ಉಳಿದದ್ದು ಏನಾಗುತ್ತದೆ, ಇದರಿಂದ ಔಷಧಿ ಏನಾದರೂ ಹುಟ್ಟಿದರೆ ಪಾಲು ಯಾರಿಗೆ. ಅವರ ಕಡೆಯ ವಕೀಲರು ಒಂದು ಪದ ಬದಲಿಸಿದರೆ ನಾವು ಇನ್ನೊಂದು. ಹೀಗೆ ನಾವೇ ಏಳು ತಿಂಗಳು ಕಳೆದೆವು. ಅಷ್ಟರಲ್ಲಿ ಆ ಕೆಲಸ ಮಾಡಬೇಕಿದ್ದ ಅಲ್ಲಿನ ವಿದ್ಯಾರ್ಥಿಯ ಅವಧಿ ಮುಗಿಯಿತು. ಅರ್ಜಿ ಹೋಗಲೇ ಇಲ್ಲ. ಒಂದು ಪಾಲು ಕೆಸರಿನ ಡಿಎನ್‌ಎ ಪರೀಕ್ಷೆಯನ್ನು ನಾವೇ ಬೆಂಗಳೂರಿನಲ್ಲಿ ಮಾಡಿಸಿದೆವು. ಆದರೆ ಅವರ ಕೈಯಲ್ಲಿದ್ದ ಅನುಭವ ನಮಗಿರಲಿಲ್ಲ, ಆ ಭಾಗ ಅರ್ಧಕ್ಕೇ ನಿಂತಿತು. ಇದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ಮೊದಲ ದಿನವೇ ಅರ್ಜಿ ಶುರು ಮಾಡಿದ್ದರೆ ಆಗುತ್ತಿತ್ತು, ಅಲ್ವಾ?

ಉಳಿದ ಕೆಸರಿನ ಹನ್ನೊಂದು ಡಬ್ಬ ಇನ್ನೂ ಲ್ಯಾಬಿನ ಡೀಪ್ ಫ್ರೀಜರ್‌ನಲ್ಲಿವೆ. ಕರೆಂಟ್ ಹೋದಾಗಲೆಲ್ಲ ಅಟೆಂಡರ್ ಓಡಿ ಹೋಗಿ ಜನರೇಟರ್ ಹಾಕುತ್ತಾರೆ. ಮೊನ್ನೆ ಜಾಗ ಸಾಲದೆ, "ಮೇಡಂ, ಈ ಕೆರೆ ಮಣ್ಣು ಬಿಸಾಕ್ಲಾ?" ಅಂತ ಕೇಳಿದರು. ಬೇಡ, ಇರಲಿ ಅಂದೆ.